ಹಸಿವಿಗೆ ಕಡಿವಾಣ ಹಾಕುವ ಬಸ್ಸಾರು

ಹುರುಳಿಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಳ್ಳಬೇಕು. ಆ ಕಟ್ಟಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ರುಬ್ಬಿ ಹಾಕಿ, ಹುಣಸೆಹುಳಿ ಬಿಟ್ಟು ಕುದಿಸಿದರೆ ಬಸ್ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿಯಲ್ಲಾಗಲಿ, ತಿ. ನರಸೀಪುರದ ಕಡೆಯಾಗಲಿ ಈ ಅಡುಗೆಯನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಮುದ್ದೆ, ಬಸ್ಸಾರು ಉಂಡು ಹೊಲಕ್ಕೆ ಹೋದವರಿಗೆ ಬೇಗ ಹಸಿವಾಗುವುದಿಲ್ಲ ಎಂಬ ಹಳಬರ ಮಾತಿಗೆ ಕಾರಣ ಕರುಳಿನೊಳಗಿದೆ.

ಸಣ್ಣಕರುಳಿನ ಕೊನೆಯ ಭಾಗದಲ್ಲೂ ದೊಡ್ಡಕರುಳಿನಲ್ಲೂ 'ಎಲ್' ಎಂಬ ಕೋಶಗಳಿವೆ. ಉಂಡಾಗ ಇವು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದು ಇನ್ಸುಲಿನ್ ಹೊರಡಿಸುತ್ತದೆ, ಜಠರ ಬೇಗ ಖಾಲಿಯಾಗದಂತೆ ತಡೆಯುತ್ತದೆ, 'ಇನ್ನು ಸಾಕು' ಎಂದು ಮಿದುಳಿಗೆ ತಿಳಿಸುತ್ತದೆ. ಆದರೆ ಅದರ ಆಯಸ್ಸು ಬಲು ಕಡಿಮೆ. ಡಿಪಿಪಿ-4 ಎಂಬ ಕಿಣ್ವ ಎರಡೇ ನಿಮಿಷದಲ್ಲಿ ಅದರ ಅರ್ಧದಷ್ಟನ್ನು ಕರಗಿಸಿಬಿಡುತ್ತದೆ. ಇದೇ ಹಾರ್ಮೋನಿನ ಕೆಲಸವನ್ನು ದಿನಗಟ್ಟಲೆ ಮಾಡುವ ಚುಚ್ಚುಮದ್ದುಗಳು ಈಗ ಬಂದಿವೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಕಾಲಿಟ್ಟವು.

ಅವುಗಳ ಬೆನ್ನಿಗೇ 'ನೈಸರ್ಗಿಕ' ಕ್ಯಾಪ್ಸೂಲ್‌ಗಳ ಜಾಹೀರಾತೂ ಜೋರಾಗಿದೆ. ನೇರವಾಗಿ ಹೇಳಬೇಕಾದ ಮಾತೆಂದರೆ, ಆ ಚುಚ್ಚುಮದ್ದಿಗೆ ಸರಿಸಾಟಿಯಾದ ಎಲೆ, ಬೇರು, ಕಾಳು ಯಾವುದೂ ಇಲ್ಲ. ಮರದರಿಶಿನದಂಥ ಗಿಡಗಳಲ್ಲಿರುವ ಬರ್ಬರಿನ್ ಸಕ್ಕರೆಯನ್ನು ಸ್ವಲ್ಪ ಇಳಿಸುತ್ತದೆ, ನಿಜ. ಆದರೆ ಅದು ಬೇರೆ ಔಷಧಿಗಳ ಜೊತೆ ತಾಕಲಾಡುತ್ತದೆ, ಗರ್ಭಿಣಿಯರಿಗಂತೂ ಸಲ್ಲದು. ಮಧುನಾಶಿನಿಯ ಗುಣ ಇನ್ನೂ ಸೋಜಿಗದ್ದು. ಒಂದು ಹಸಿ ಎಲೆ ಅಗಿದು ನಾಲಿಗೆಯ ತುಂಬ ಸವರಿಕೊಂಡು, ಆಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ. ಎಲೆಯ ಜಿಮ್ನೆಮಿಕ್ ಆಮ್ಲಗಳು ಸಿಹಿ ಗುರುತಿಸುವ ರುಚಿಗ್ರಾಹಕಗಳನ್ನು ಕೆಲಹೊತ್ತು ಮುಚ್ಚಿಹಾಕುತ್ತವೆ. ಸಿಹಿಯ ಚಪಲ ತಡೆಯಲು ಇದು ನೆರವಾದೀತು, ಮಾತ್ರೆಯ ಬದಲಿಯಾಗದು.

ಹಾಗಾದರೆ ಎಲ್ ಕೋಶಗಳನ್ನು ಎಚ್ಚರಿಸುವುದು ಯಾವುದು? ನಾರು ಮತ್ತು ಪ್ರೋಟೀನ್. ಜೀರ್ಣವಾಗದ ನಾರನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಹುಟ್ಟುವ ಕೊಬ್ಬಿನಾಮ್ಲಗಳು ಆ ಕೋಶಗಳನ್ನು ತಟ್ಟುತ್ತವೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಕಬಿನಿ ನಾಲೆಯ ನೀರು ಬಂದು ಗದ್ದೆಗಳು ಹೆಚ್ಚಿದವು. ತಟ್ಟೆಯಲ್ಲಿ ಬಿಳಿ ಅನ್ನದ ಪಾಲೂ ಹೆಚ್ಚಿತು. ಅನ್ನ ತಪ್ಪಲ್ಲ, ಆದರೆ ಅದು ಕಾಳು, ಸೊಪ್ಪನ್ನು ಮೂಲೆಗೆ ತಳ್ಳಿದ್ದು ನಿಜವಾದ ನಷ್ಟ.

'ರಾಗಿ ತಿಂದರೆ ಶುಗರ್ ಏರಲ್ಲ' ಎನ್ನುವುದೂ ಪೂರ್ತಿ ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಗಳೆರಡು ಸಕ್ಕರೆಯನ್ನು ಚೆನ್ನಾಗಿಯೇ ಏರಿಸಬಲ್ಲವು. ಮುದ್ದೆ ಚಿಕ್ಕದಿರಲಿ, ಪಲ್ಯ ಧಾರಾಳವಾಗಿರಲಿ. ತರಕಾರಿ, ಪ್ರೋಟೀನ್ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆ ಗಣನೀಯವಾಗಿ ತಗ್ಗುತ್ತದೆಂದು ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2015ರಲ್ಲಿ ಒಂದು ಸಣ್ಣ ಅಧ್ಯಯನದಲ್ಲಿ ಕಂಡುಕೊಂಡರು. ಇನ್ನು ನಂಜನಗೂಡು ರಸಬಾಳೆ. ಅದರ ಕೀರ್ತಿ ದೊಡ್ಡದು, ಆದರೆ ಕಳಿತ ಹಣ್ಣಿನಲ್ಲಿ ಪಿಷ್ಟದ ಬಹುಪಾಲು ಸಕ್ಕರೆಯಾಗಿರುತ್ತದೆ. ಊಟದ ಮೇಲೆ ಎರಡು ಮೂರು ತಿನ್ನುವುದು ಬೇಡ.

ಮೆಂತ್ಯದ ಮೇಲೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಶಕಗಳ ಹಿಂದೆಯೇ ಪ್ರಯೋಗ ನಡೆಸಿ, ರೋಗಿಗಳ ಸಕ್ಕರೆ ಇಳಿದದ್ದನ್ನು ದಾಖಲಿಸಿದೆ. ಅಲ್ಲಿ ಬಳಸಿದ್ದು ಮೆಂತ್ಯದ ಪುಡಿ, ಅದೂ ದಿನಕ್ಕೆ 25ರಿಂದ 100 ಗ್ರಾಂ. ರಾತ್ರಿ ಒಂದು ಚಮಚ ನೆನೆಸಿ, ಬೆಳಿಗ್ಗೆ ನೀರು ಮಾತ್ರ ಕುಡಿದು ಕಾಳು ಚೆಲ್ಲುವವರು ನಾರಿನ ಬಹುಪಾಲನ್ನು ಚೆಲ್ಲುತ್ತಾರೆ. ಕಾಳನ್ನೂ ಅಗಿದು ತಿನ್ನಬೇಕು.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದ 10.1 ಕೋಟಿ ಜನರಿಗೆ ಮಧುಮೇಹವಿದೆ. ಅವರಲ್ಲಿ ನೀವೂ ಒಬ್ಬರಾಗಿದ್ದು ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೆಂತ್ಯ, ಮಧುನಾಶಿನಿ, ಬರ್ಬರಿನ್ ಯಾವುದನ್ನೇ ಆಗಲಿ ಔಷಧಿಯಂತೆ ಶುರು ಮಾಡುವ ಮುನ್ನ ವೈದ್ಯರಿಗೆ ತಿಳಿಸಿ. ಎರಡೂ ಸೇರಿ ಸಕ್ಕರೆ ತೀರಾ ಕುಸಿದರೆ ಪ್ರಾಣಕ್ಕೇ ಅಪಾಯ. ಬಸ್ಸಾರಿಗೆ ಮಾತ್ರ ಯಾರ ಚೀಟಿಯೂ ಬೇಕಿಲ್ಲ, ಉಪ್ಪು ಹಿತವಾಗಿರಲಿ.