ಹಾಡಿದವರ ಹೆಸರು ಎಲ್ಲಿ ಹೋಯ್ತು?

ರಾಯಚೂರಿನಿಂದ ಮಾತಾಡ್ತಿದ್ದೀನಿ. ಇವತ್ತಿನ ಪ್ರಶ್ನೆ: ಗುಂಪಿನಲ್ಲಿ ಹಾಡಿದರೆ ಹೆಸರು ಯಾರಿಗೆ?

ಅಮೆರಿಕದ ಕ್ಲೈಡ್ ಮೆಕ್‌ಫ್ಯಾಟರ್ ಚರ್ಚ್‌ನಲ್ಲಿ ಹಾಡುತ್ತ ಬೆಳೆದವನು. 1950ರಲ್ಲಿ ಬಿಲ್ಲಿ ವಾರ್ಡ್ ಕಟ್ಟಿದ 'ಡಾಮಿನೋಸ್' ಎಂಬ ರಿದಮ್ ಅಂಡ್ ಬ್ಲೂಸ್ ತಂಡ ಸೇರಿದ. 1952ರಲ್ಲಿ 'ಹ್ಯಾವ್ ಮರ್ಸಿ ಬೇಬಿ' ಹಿಟ್ ಆಯ್ತು. ಮುಖ್ಯ ದನಿ ಇವನದ್ದೇ, ಆದರೆ ತಂಡದ ಹೆಸರಿನ ಮುಂದೆ ಕೂತದ್ದು ವಾರ್ಡ್ ಹೆಸರು. ಇವನನ್ನು ಕೆಲವೊಮ್ಮೆ 'ಕ್ಲೈಡ್ ವಾರ್ಡ್' ಅಂತಲೇ ಪರಿಚಯಿಸುತ್ತಿದ್ದರು! 1953ರಲ್ಲಿ ಹೊರಬಂದು 'ಡ್ರಿಫ್ಟರ್ಸ್' ಕಟ್ಟಿದ. ಅದೇ ವರ್ಷ ಅಟ್ಲಾಂಟಿಕ್ ಕಂಪನಿಯಿಂದ 'ಮನಿ ಹನಿ' ಬಂತು.

ಈಗ ನಮ್ಮ ಕಡೆ ನೋಡ್ರಿ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಅವರ ಶಿಷ್ಯರಾದ ಮಾನ್ವಿಯ ಜಗನ್ನಾಥದಾಸರು. 18ನೇ ಶತಮಾನ. ರೆಕಾರ್ಡಿಂಗ್ ಇಲ್ಲ, ರಾಯಲ್ಟಿ ಇಲ್ಲ. ಆದರೂ ಯಾವ ಹಾಡು ಯಾರದು ಅಂತ ಇವತ್ತಿಗೂ ಗೊತ್ತಾಗುತ್ತೆ. ಯಾಕಂದ್ರೆ ಕೊನೆಯ ನುಡಿಯಲ್ಲಿ ಅಂಕಿತ ಇರುತ್ತೆ. 'ಗೋಪಾಲವಿಠಲ' ಅಂದರೆ ಗುರುಗಳದು, 'ಜಗನ್ನಾಥವಿಠಲ' ಅಂದರೆ ಶಿಷ್ಯರದು. ಹೆಸರು ದೇವರದು, ಗುರುತು ಮಾತ್ರ ಬರೆದವರದು.

ಬರೆದವರಿಗೇನೋ ಅಂಕಿತ ಉಂಟು. ಹಾಡುವವರಿಗೆ?

ನಾನೂ ತಪ್ಪು ಮಾಡಿದ್ದೆ. ಹಳೆಯ ಎಪಿಸೋಡ್ ಒಂದರಲ್ಲಿ ಮಾನ್ವಿ ಕಡೆಯ ಭಜನೆ ಬಳಸಿ, 'ಭಜನಾ ಮಂಡಳಿ' ಅಂತಷ್ಟೇ ಹಾಕಿದ್ದೆ. ತಾಳ ಹಿಡಿದಿದ್ದ ಹಿರಿಯರೊಬ್ಬರು ಫೋನ್ ಮಾಡಿದರು: "ತಮ್ಮಾ, ಚಲೋ ಬಂದೈತಿ. ನಮ್ಮ ಹೆಸರು ಎಲ್ಲೈತಿ?"

ಬಿಕಾಂ ಓದಿದವನು ನಾನು, ಯಾರ ಲೆಕ್ಕ ಯಾರ ಖಾತೆಗೆ ಅಂತ ಕಲಿತವನು. ಉತ್ತರ ಬರಲಿಲ್ಲ. ಆ ರಾತ್ರಿನೇ ಏಳೂ ಜನರ ಹೆಸರು ಸೇರಿಸಿದೆ.

ನೀವು ಊರಿನ ಹಾಡು ಸ್ಟೇಟಸ್‌ಗೆ ಹಾಕ್ತೀರಲ್ಲ, ಹಾಡಿದವರ ಹೆಸರು ಕೇಳಿ, ಬರೀರಿ. ಮುಂದಿನ ವಾರ ಸಿಗೋಣ.