ಲಕ್ಷ ಪ್ಯಾಕೆಟ್ಟಿನಲ್ಲಿ ಬೇಕಾದ ಹತ್ತು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ: ಯಾವ ಊರಿನ ಕೌಂಟರ್ ಮುಂದೆ ಸಾಲು ನಿಂತವರಿಗೂ ಗೊತ್ತಿರುವ ಮಾತು, ‘ಸರ್ವರ್ ಡೌನ್ ಐತ್ರಿ.’ ಕೆಟ್ಟದ್ದು ಸರ್ವರೋ, ಕಚೇರಿಯ ರೌಟರೋ, ವೆಬ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ಸೋ? ಇದನ್ನು ಪತ್ತೆ ಹಚ್ಚಲು ತಂತ್ರಜ್ಞರು ನೆಚ್ಚಿಕೊಂಡ ಉಚಿತ ತಂತ್ರಾಂಶ ವೈರ್‌ಶಾರ್ಕ್. ಅಮೆರಿಕದ ಜೆರಾಲ್ಡ್ ಕೋಂಬ್ಸ್ 1998ರಲ್ಲಿ ‘ಎಥೆರಿಯಲ್’ ಹೆಸರಿನಲ್ಲಿ ಬಿಡುಗಡೆ ಮಾಡಿದ ಇದಕ್ಕೆ ಈಗಿನ ಹೆಸರು ಬಂದದ್ದು 2006ರಲ್ಲಿ.

ಕಂಪ್ಯೂಟರಿಗೆ ಬರುವ, ಅಲ್ಲಿಂದ ಹೋಗುವ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಅದು ಹಿಡಿದು ತೋರಿಸುತ್ತದೆ. ದಟ್ಟಣೆ ಹೆಚ್ಚಿದ್ದರೆ ಕೆಲವೇ ನಿಮಿಷಗಳಲ್ಲಿ ಲಕ್ಷಗಟ್ಟಲೆ ಸಾಲುಗಳು. ಅದರಲ್ಲಿ ಬೇಕಾದ ಹತ್ತನ್ನು ಆರಿಸಿಕೊಡುವುದೇ ಫಿಲ್ಟರ್. ಒಂದೇ ಷರತ್ತಾದರೆ ಹೊಸಬರೂ ಬರೆದಾರು. ‘ಈ ವಿಳಾಸದ್ದು ಬೇಡ, 53 ಅಥವಾ 443ನೇ ಪೋರ್ಟಿನದು (ಪೋರ್ಟ್: ಸೇವೆಯನ್ನು ಗುರುತಿಸುವ ಸಂಖ್ಯೆ) ಮಾತ್ರ ಬೇಕು’ ಎಂದಾಗ ಅನುಭವಿಗಳೂ ಎಡವುತ್ತಾರೆ.

ಕಾರಣವಿದೆ. ಐಪಿ ಪ್ಯಾಕೆಟ್ಟಿನಲ್ಲಿ ಎರಡು ವಿಳಾಸ: ಕಳಿಸಿದ್ದರದು, ತಲುಪಬೇಕಾದ್ದರದು. ಹಿಂದೆ ‘ಐಪಿ ವಿಳಾಸ ಇದಕ್ಕೆ ಸಮವಲ್ಲ’ ಎಂದು ಬರೆದರೆ, ಎರಡರಲ್ಲಿ ಒಂದು ಬೇರೆಯಾಗಿದ್ದರೂ ಪ್ಯಾಕೆಟ್ ಪಾರಾಗುತ್ತಿತ್ತು. ಬೇಡವೆಂದದ್ದೆಲ್ಲ ಪರದೆಯಲ್ಲೇ ಉಳಿಯುತ್ತಿತ್ತು. 2021ರ 3.6 ಆವೃತ್ತಿ ಇದನ್ನು ತಿದ್ದಿತು; ಈಗ ಎರಡೂ ವಿಳಾಸ ಬೇರೆಯಾಗಿರಲೇಬೇಕು. 2022ರ 4.0ರಿಂದ ‘ಅಥವಾ’ಗಿಂತ ‘ಮತ್ತು’ ಮೊದಲು ಲೆಕ್ಕಕ್ಕೆ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಪೋರ್ಟುಗಳೆರಡನ್ನೂ ಆವರಣದೊಳಗೆ ಇಡದಿದ್ದರೆ ಫಲಿತಾಂಶವೇ ಬೇರೆ.

ಬರೆದದ್ದು ತಪ್ಪಿದ್ದರೆ ಫಿಲ್ಟರ್ ಪಟ್ಟಿ ಕೆಂಪು, ಸರಿಯಿದ್ದರೆ ಹಸಿರು. ಆದರೆ ಹಸಿರು ಖಾತ್ರಿಪಡಿಸುವುದು ವ್ಯಾಕರಣವನ್ನಷ್ಟೇ, ಬರೆದವರ ಉದ್ದೇಶವನ್ನಲ್ಲ.

ಬಾಯಿಪಾಠ ಮಾಡದೆ ಫಿಲ್ಟರ್ ಕಟ್ಟುವ ದಾರಿಯೂ ಇದೆ. ಪ್ಯಾಕೆಟ್ಟಿನ ವಿವರದ ಮೇಲೆ ಬಲಕ್ಲಿಕ್ ಮಾಡಿ ಮೆನುವಿನಲ್ಲಿ ಆರಿಸಿದರೆ ಅದೇ ಷರತ್ತಾಗುತ್ತದೆ. ‘ಮತ್ತು’, ‘ಅಥವಾ’, ‘ಅಲ್ಲ’ ಸೇರಿಸುತ್ತಾ ಬೆಳೆಸಬಹುದು. ಎಷ್ಟು ಪ್ಯಾಕೆಟ್ ಉಳಿದವೆಂದು ಪರದೆಯ ಕೆಳಗೆ ಕಾಣುತ್ತದೆ. ಆ ಲೆಕ್ಕ ಒಟ್ಟು ಫಿಲ್ಟರಿನದು. ಒಂದೊಂದು ಷರತ್ತೂ ಎಷ್ಟನ್ನು ಉಳಿಸಿತು, ಎಷ್ಟನ್ನು ತಳ್ಳಿತು ಎಂದು ಬಿಡಿಬಿಡಿಯಾಗಿ ತೋರಿಸಿದರೆ ತಪ್ಪಿದ್ದೆಲ್ಲಿ ಎಂಬುದು ಕೂಡಲೇ ಕಣ್ಣಿಗೆ ಬೀಳುತ್ತದೆ. ಇಂಥ ತಂತ್ರಾಂಶಗಳು ಮುಂದೆ ಸುಧಾರಿಸಬೇಕಾದದ್ದು ಇಲ್ಲಿಯೇ.

ಸಣ್ಣ ಊರುಗಳಿಗೆ ಇನ್ನೊಂದು ಸೌಲಭ್ಯ ಈಗಲೇ ಕೈಗೆಟುಕುವಂತಿದೆ. ಪಳಗಿದವರು ಬರೆದ ಫಿಲ್ಟರನ್ನು ಬಟನ್ ಆಗಿ ಉಳಿಸಬಹುದು; ಬಟನ್‌ಗಳಿರುವ ಪ್ರೊಫೈಲನ್ನೇ (ಸೆಟ್ಟಿಂಗ್‌ಗಳ ಕಟ್ಟನ್ನೇ) ಇನ್ನೊಂದು ಕಂಪ್ಯೂಟರಿಗೆ ಕಳಿಸಬಹುದು. ‘ಉತ್ತರ ಬಾರದ ಡಿಎನ್‌ಎಸ್’, ‘ಮತ್ತೆ ಕಳಿಸಿದ ಪ್ಯಾಕೆಟ್’ ಎಂದು ಕನ್ನಡದಲ್ಲೇ ಹೆಸರಿಟ್ಟರೆ, ಬೀಳಗಿಯ ಸಿಬ್ಬಂದಿ ಕಚೇರಿಯ ಅನುಮತಿ ಪಡೆದು ಬಟನ್ ಒತ್ತಿ, ಕಂಡದ್ದನ್ನು ಬಾಗಲಕೋಟೆಯ ತಂತ್ರಜ್ಞರಿಗೆ ಫೋನಿನಲ್ಲೇ ಓದಿ ಹೇಳಬಹುದು.