ನಿಮಗಿದು ಗೊತ್ತೇ? ಕವಾಟ ರಿಪೇರಿಯಾದ ಹೃದಯದ ಸುದ್ದಿ ರಕ್ತದಲ್ಲಿದೆ!

● ಹೃದಯ ಬರೀ ಪಂಪ್ ಅಲ್ಲ, ಹಾರ್ಮೋನನ್ನೂ ತಯಾರಿಸುತ್ತದೆ. 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ತಂಡ ಇಲಿಗಳ ಹೃತ್ಕರ್ಣದ ಸಾರ ತೆಗೆದು ಬೇರೆ ಇಲಿಗಳಿಗೆ ಚುಚ್ಚಿತು. ಆ ಸಾರದಲ್ಲಿದ್ದ ಹಾರ್ಮೋನಿನಿಂದ ಅವು ಹೆಚ್ಚೆಚ್ಚು ಮೂತ್ರ ಮಾಡತೊಡಗಿದವು, ರಕ್ತದೊತ್ತಡವೂ ಇಳಿಯಿತು.

● ಇಂದು ಹೃದ್ರೋಗಿಗಳ ರಿಪೋರ್ಟಿನಲ್ಲಿ ಕಾಣುವ ಇಂಥದೇ ಇನ್ನೊಂದು ಹಾರ್ಮೋನು ‘ಬಿಎನ್‌ಪಿ’ 1988ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಮೊದಲು ಸಿಕ್ಕಿದ್ದು ಹಂದಿಯ ಮೆದುಳಿನಲ್ಲಿ! ಅದು ಮುಖ್ಯವಾಗಿ ತಯಾರಾಗುವುದು ಹೃತ್ಕುಕ್ಷಿಯಲ್ಲಿ ಎಂಬುದು ಆಮೇಲೆ ತಿಳಿಯಿತು.

● ಎಡ ಹೃತ್ಕರ್ಣ, ಹೃತ್ಕುಕ್ಷಿಗಳ ನಡುವಿನ ಮೈಟ್ರಲ್ ಕವಾಟ ಸೋರಿದರೆ ರಕ್ತ ಹಿಂದಕ್ಕೆ ನುಗ್ಗುತ್ತದೆ. ಹೊರೆ ಹೆಚ್ಚಿ ಹೃದಯದ ಗೋಡೆ ಹಿಗ್ಗಿದಷ್ಟೂ ಬಿಎನ್‌ಪಿ ಏರುತ್ತದೆ.

● ಬಿಎನ್‌ಪಿ ಸುಮಾರು 20 ನಿಮಿಷಕ್ಕೆ ಅರ್ಧವಾಗುತ್ತದೆ. ಅದರ ಜೊತೆಗೇ ಹುಟ್ಟುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತದಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಎರಡರ ಅಂಕಿಗಳನ್ನು ಒಂದಕ್ಕೊಂದು ಹೋಲಿಸುವಂತಿಲ್ಲ.

● ಸೋರುವ ಕವಾಟವನ್ನು ಕಿತ್ತು ಹಾಕದೆ ಹೊಲಿದು, ಉಂಗುರ ಕೂರಿಸಿ ಸರಿಪಡಿಸುವ ವಿಧಾನಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ಪ್ಯಾರಿಸ್ಸಿನ ಸರ್ಜನ್ ಅಲ್ಯಾಂ ಕಾರ್ಪಾಂತಿಯೆ. 1983ರಲ್ಲಿ ಅವರು ಪ್ರಕಟಿಸಿದ ‘ಫ್ರೆಂಚ್ ಕರೆಕ್ಷನ್’ ಪ್ರಬಂಧ ಇಂದಿಗೂ ಪ್ರಸಿದ್ಧ.

● ರಿಪೇರಿಯಾದ ಮರುದಿನವೇ ಬಿಎನ್‌ಪಿ ಇಳಿಯುವುದಿಲ್ಲ. ಆಪರೇಷನ್ನಿನ ಪೆಟ್ಟಿನಿಂದ ಮೊದಲ ಕೆಲವು ದಿನ ಏರುವುದೇ ಸಾಮಾನ್ಯ. ಹೃದಯ ಚೇತರಿಸಿಕೊಂಡಂತೆ ವಾರ, ತಿಂಗಳುಗಳಲ್ಲಿ ಇಳಿಯುತ್ತದೆ.

● ಹೃದಯಾಘಾತದ ಸುಳಿವು ಕೊಡುವ ಟ್ರೋಪೋನಿನ್, ತೆರೆದ ಹೃದಯದ ಶಸ್ತ್ರಚಿಕಿತ್ಸೆಯಾದ ಬಹುತೇಕ ಎಲ್ಲರಲ್ಲೂ ಏರುತ್ತದೆ. ಹೃದಯವನ್ನು ನಿಲ್ಲಿಸಿ ಕತ್ತರಿಸಿ ಹೊಲಿದ ಮೇಲೆ ಏರದೆ ಇರುತ್ತದೆಯೇ? ಹಾಗಾಗಿ ಆ ಅಂಕಿ ಒಂದರಿಂದಲೇ ಹೃದಯಾಘಾತ ಎನ್ನುವುದಿಲ್ಲ. ಇಸಿಜಿ, ಎಕೋ ಕೂಡ ನೋಡುತ್ತಾರೆ.

● ಉರಿಯೂತ ಸೂಚಿಸುವ ಸಿಆರ್‌ಪಿ 1930ರಲ್ಲಿ ನ್ಯೂಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾಯಿತು. ಆಪರೇಷನ್ ಆದ ಎರಡು-ಮೂರು ದಿನಕ್ಕೆ ಅದು ತುತ್ತತುದಿಗೇರಿ ಇಳಿಯತೊಡಗುತ್ತದೆ. ಇಳಿದದ್ದು ಮತ್ತೆ ಏರಿದರೆ ವೈದ್ಯರು ಸೋಂಕು ಹುಡುಕುತ್ತಾರೆ.

● ಕವಾಟ ಸರಿಯಾದ ಮೇಲೆ ಎಕೋದಲ್ಲಿ ‘ಪಂಪಿಂಗ್’ ಶೇಕಡಾವಾರು ಇಳಿದದ್ದು ಕಂಡು ಮನೆಯವರು ಗಾಬರಿಯಾಗುವುದುಂಟು. ಮೊದಲು ಒಂದಿಷ್ಟು ರಕ್ತ ಸಲೀಸಾಗಿ ಹಿಂದಕ್ಕೆ ಹೋಗುತ್ತಿದ್ದುದರಿಂದ ಅಂಕಿ ಚೆನ್ನಾಗಿ ಕಾಣುತ್ತಿತ್ತು. ಈಗ ಅಷ್ಟನ್ನೂ ಮಹಾಪಧಮನಿಗೇ ತಳ್ಳಬೇಕು. ಹೃದಯದ ನಿಜವಾದ ಬಲ ಗೊತ್ತಾಗುವುದೇ ಆಗ.

● ಬೊಜ್ಜಿದ್ದವರಲ್ಲಿ ಬಿಎನ್‌ಪಿ ಕಡಿಮೆ ತೋರಿಸುತ್ತದೆ. ವಯಸ್ಸಾದವರಲ್ಲಿ, ಕಿಡ್ನಿ ಸೊರಗಿದವರಲ್ಲಿ ಹೆಚ್ಚು. ಹೃದಯ ವೈಫಲ್ಯಕ್ಕೆ ಕೊಡುವ, ಸಕ್ಯುಬಿಟ್ರಿಲ್ ಇರುವ ಮಾತ್ರೆ ನುಂಗುವವರಲ್ಲೂ ಬಿಎನ್‌ಪಿ ಏರಬಹುದು. ಈ ಮಾತ್ರೆ ನುಂಗುವವರಿಗೆ ಎನ್‌ಟಿ-ಪ್ರೊಬಿಎನ್‌ಪಿ ಪರೀಕ್ಷೆಯೇ ಸರಿ.

● ಕೂದಲು, ಉಗುರಿಗೆಂದು ನುಂಗುವ ಬಯೋಟಿನ್ ಕೆಲವು ಟ್ರೋಪೋನಿನ್ ಪರೀಕ್ಷೆಗಳ ದಾರಿ ತಪ್ಪಿಸುತ್ತದೆ! ಅಂಕಿ ಸುಳ್ಳೇ ಕಡಿಮೆ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿತ್ತು.

● ಆಪರೇಷನ್ ಆದಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಕೊಟ್ಟಿದ್ದರೆ, ಹೆಪ್ಪುಗಟ್ಟಲು ಹಿಡಿಯುವ ಹೊತ್ತು ಅಳೆಯುವ ಐಎನ್‌ಆರ್ ಪರೀಕ್ಷೆ ತಪ್ಪಿಸುವಂತಿಲ್ಲ. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗೆಂದು ನುಗ್ಗೆ, ಪಾಲಕ್ ಪೂರ್ತಿ ಬಿಡಬೇಕಿಲ್ಲ. ಒಂದು ವಾರ ದಂಡಿಯಾಗಿ ತಿಂದು, ಮರುವಾರ ಮುಟ್ಟದೆ ಇರುವುದು ತಪ್ಪು. ಅಳತೆ ಒಂದೇ ಇರಲಿ.

● ಒಂದು ರಿಪೋರ್ಟಿನ ಒಂದು ಅಂಕಿ ನೋಡಿ ಹಿಗ್ಗಬೇಡಿ, ಕುಗ್ಗಲೂ ಬೇಡಿ. ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದೇ ಮುಖ್ಯ. ಆದಷ್ಟೂ ಅದೇ ಲ್ಯಾಬಿನಲ್ಲಿ ಅದೇ ಪರೀಕ್ಷೆ ಮಾಡಿಸಿ, ಹಳೆಯ ರಿಪೋರ್ಟುಗಳನ್ನು ಫೈಲಿನಲ್ಲಿಟ್ಟುಕೊಂಡು ವೈದ್ಯರ ಬಳಿ ಹೋಗಿ.